ಹಿರೇಬೆಣಕಲ್ ಗುಡ್ಡ: ನೆರಳು ನೋಡಿಕೊಂಡು ಹತ್ತಿ

ಗಂಗಾವತಿಯಿಂದ ಕೊಪ್ಪಳದ ಕಡೆಗೆ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್. ಊರಿನಿಂದ ಗುಡ್ಡದ ಮೇಲಿನ ಶಿಲಾಸಮಾಧಿಗಳವರೆಗೆ (ಕಲ್ಲುಚಪ್ಪಡಿಯ ಪುರಾತನ ಗೋರಿಗಳು) ಏರುದಾರಿ ಎರಡು-ಮೂರು ಕಿ.ಮೀ., ನಿಧಾನಕ್ಕೆ ನಡೆದರೂ ಒಂದೂವರೆ ತಾಸು ಸಾಕು. ದೂರ ಕೇಳಿದವರು ಇಷ್ಟೇನಾ ಎಂದು ಒಂದು ಬಾಟಲಿ ನೀರು ಹಿಡಿದು ಹತ್ತು ಗಂಟೆಗೆ ಹೊರಡುತ್ತಾರೆ, ಸುಸ್ತಾಗುವುದೂ ಅವರೇ. ಈ ಗುಡ್ಡದಲ್ಲಿ ದಣಿವಾರಿಸಿಕೊಳ್ಳಲು ಮಂಟಪ, ಅರವಟ್ಟಿಗೆ, ಅಂಗಡಿ ಯಾವುದನ್ನೂ ನಂಬಿ ಹೋಗುವ ಹಾಗಿಲ್ಲ. ಇರುವುದು ಗುಂಡುಬಂಡೆಗಳು, ಗುಂಡಿನ ಕೆಳಗಿನ ಗವಿಗಳು, ಕುರುಚಲು ಗಿಡ. ಎಲ್ಲಿ, ಯಾವ ಹೊತ್ತಿನಲ್ಲಿ ಕೂರಬೇಕು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಬೆಳಿಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿದ್ದರೆ ಏಳೂವರೆಗೆ ಮೇಲೆ, ಹತ್ತೂವರೆಯೊಳಗೆ ಇಳಿಯಲು ಶುರು. ಬಂಡೆ ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನದ ಮೇಲೆ ಉಗುಳುತ್ತದೆ. ಎರಡು ಗಂಟೆಗಿಂತ ನಾಲ್ಕು ಗಂಟೆಗೆ ಕಲ್ಲಿನ ಪಕ್ಕ ಹೆಚ್ಚು ಸೆಕೆ ಅನಿಸುವುದು ಇದಕ್ಕೇ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು, ಆಗ ಈ ಗುಡ್ಡದ ಆಸೆ ಬಿಡುವುದೇ ವಾಸಿ.

ಗವಿಯ ಬಾಯಿ ಯಾವ ದಿಕ್ಕಿಗಿದೆ ಎಂದು ಮೊದಲು ನೋಡಿ. ಪಡುವಣಕ್ಕೆ ಬಾಯಿ ತೆರೆದದ್ದು ಮಧ್ಯಾಹ್ನದವರೆಗೆ ತಂಪು, ಆಮೇಲೆ ಒಲೆ. ಮೂಡಣದ್ದು ಇದಕ್ಕೆ ತಿರುಗುಮುರುಗು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಡಗಣಕ್ಕೆ ಮುಖ ಮಾಡಿದ ಗವಿಯಲ್ಲಿ ದಿನವಿಡೀ ನೆರಳು. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ಈ ಭಾಗದವರ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ, ಆಗ ಈ ಲೆಕ್ಕ ಕೆಡುತ್ತದೆ. ಹತ್ತುವಾಗ ಕಂಡ ಒಳ್ಳೆಯ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಇಳಿಯುವಾಗ ಹುಡುಕಾಟ ತಪ್ಪುತ್ತದೆ.

ನೆರಳಿದೆ ಎಂದು ನೇರ ನುಗ್ಗಬೇಡಿ. ಹತ್ತು ಹೆಜ್ಜೆ ದೂರ ನಿಂತು ಮೇಲೆ ನೋಡಿ. ಚಾಚಿದ ಬಂಡೆಯ ಅಡಿಯಲ್ಲಿ ಅರ್ಧಚಂದ್ರದಂತೆ ಕಪ್ಪಗೆ ತೂಗುವುದು ಹೆಜ್ಜೇನು. ಹುಟ್ಟಿನ ಕೆಳಗೆ ಬೀಡಿ-ಸಿಗರೇಟಿನ ಹೊಗೆ, ಗಟ್ಟಿ ಸುಗಂಧ, ಕೂಗಾಟ ಯಾವುದೂ ಕೂಡದು. ಒಂದು ಎದ್ದರೆ ಹಿಂಡು ಏಳುತ್ತದೆ, ಆಗ ಕೈ ಬೀಸುತ್ತ ನಿಲ್ಲದೆ ತಲೆ-ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ದೂರ ಹೋಗುವುದೊಂದೇ ದಾರಿ. ಆದರೆ ಓಡುವ ಭರದಲ್ಲಿ ಬಂಡೆಯ ಅಂಚು ಮರೆಯಬೇಡಿ. ಆಮೇಲೆ ನೆಲ ನೋಡಿ. ಹಸಿ ಲದ್ದಿ, ಕೂದಲು, ಮೂಳೆ, ಘಾಟು ವಾಸನೆ ಇದ್ದರೆ ಆ ಜಾಗ ಬೇರೆಯವರದು. ಕೊಪ್ಪಳದ ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಒಳಗೆ ಕತ್ತಲೆಯಾಗುವಷ್ಟು ಆಳವಾದ ಗವಿ ಎಷ್ಟು ತಂಪಾಗಿದ್ದರೂ ಬೇಡ, ಎರಡೂ ಕಡೆ ಬೆಳಕು ಕಾಣುವಂಥದ್ದು ನೋಡಿ. ಕೂರುವ ಮುಂಚೆ ಕೋಲಿನಿಂದ ಎಲೆಕಸ ಸರಿಸಿ. ಚಪ್ಪಟೆ ಕಲ್ಲಿನಡಿ ಚೇಳು ಇರುವುದು ಇಲ್ಲಿ ಮಾಮೂಲು.

ದಾರಿಯ ಕೆಲವು ಗವಿಗಳಲ್ಲಿ ಕೆಂಪು ಕಾವಿಯ ಚಿತ್ರಗಳಿವೆ: ಮನುಷ್ಯರು, ಪ್ರಾಣಿಗಳು. ಅಲ್ಲಿ ಕೂರಬಹುದು, ಗೋಡೆಗೆ ಬೆನ್ನು ಒರಗಿಸುವಂತಿಲ್ಲ. ಬೆವರು ಮತ್ತು ಎಣ್ಣೆ ಕಲ್ಲಿಗೆ ಹತ್ತಿದರೆ ಹೋಗುವುದಿಲ್ಲ. ಚಿತ್ರ ಸ್ಪಷ್ಟವಾಗಲೆಂದು ನೀರು ಚಿಮುಕಿಸುವ ಕೆಟ್ಟ ಚಾಳಿಯೂ ಇದೆ, ಬಣ್ಣ ಮಾಸುವುದೇ ಅದರಿಂದ. ಗವಿಯಲ್ಲಿ ಒಲೆ ಹೂಡಿದರೆ ಮಸಿ ಚಿತ್ರವನ್ನೇ ನುಂಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಗಡ್ಡೆ ಉಳ್ಳಾಗಡ್ಡಿ ಕಟ್ಟಿಕೊಂಡರೆ ಬೆಂಕಿಯ ಗೊಡವೆಯೇ ಇಲ್ಲ.

ಮೇಲೆ ಹೋದಮೇಲೆ ದೊಡ್ಡ ಆಮಿಷ ಎದುರಾಗುತ್ತದೆ. ಸುಮಾರು 400 ಶಿಲಾಸಮಾಧಿಗಳಿವೆ, ಕೆಲವು ಆಳೆತ್ತರಕ್ಕೂ ಮಿಗಿಲು. ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ರಚನೆ, ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಊರವರು ಮೊರೇರ ಮನೆ ಎನ್ನುವುದರಿಂದಲೋ ಏನೋ, ಬಿಸಿಲಿಗೆ ಬೆಂದವರಿಗೆ ಅದು ಮನೆಯಂತೆಯೇ ಕಾಣುತ್ತದೆ. ಒಳಗೆ ಹೋಗಬೇಡಿ, ಚಪ್ಪಡಿಯ ಮೇಲೆ ಹತ್ತಬೇಡಿ. ಗಾರೆಯಿಲ್ಲದೆ ಬರೀ ಭಾರದ ಮೇಲೆ ಎರಡು ಸಾವಿರ ವರ್ಷಕ್ಕೂ ಮೀರಿ ನಿಂತ ಕಲ್ಲುಗಳವು. ನಿಧಿಗಳ್ಳರು ಬುಡ ಅಗೆದ ಕಡೆ ಯಾವ ಕಲ್ಲು ಸಡಿಲವಾಗಿದೆ ಎಂಬುದು ನೋಟಕ್ಕೆ ತಿಳಿಯುವುದಿಲ್ಲ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗವಿದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೆರಳೇ ಬೇಕಿದ್ದರೆ ಸಮಾಧಿಯ ಹೊರಗೆ, ಅದರಿಂದ ನಾಲ್ಕು ಹೆಜ್ಜೆ ಆಚೆ ಬೀಳುವ ನೆರಳಲ್ಲಿ ಕುಳಿತರಾಯಿತು. ಒಂಬತ್ತು ಗಂಟೆಯವರೆಗೆ ಅದು ಸಾಕಷ್ಟು ಉದ್ದವಿರುತ್ತದೆ.

ಸಮಾಧಿಗಳ ಬಳಿಯ ಹೊಂಡದ ನೀರು, ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರು ದನ-ಕುರಿಗಳಿಗೆ. ಕುತ್ತಿಗೆಗೆ ಸುತ್ತುವ ಟವೆಲ್ ನೆನೆಸಲು ಸರಿ, ಕುಡಿಯಲು ಅಲ್ಲ. ಆಳಿಗೆ ಮೂರು ಲೀಟರ್ ಹೊತ್ತುಕೊಳ್ಳಿ. ಒಂದು ಲೀಟರ್ ಮುಗಿಯುವ ಹೊತ್ತಿಗೆ ಮೇಲೆ ಮುಟ್ಟಿರಬೇಕು, ಅರ್ಧ ದಾರಿಯಲ್ಲೇ ಎರಡನೆಯದಕ್ಕೆ ಕೈ ಹಾಕಿದರೆ ಅಲ್ಲಿಂದಲೇ ತಿರುಗಿ. ಉಪ್ಪು-ಸಕ್ಕರೆ ಬೆರೆಸಿದ ನೀರು ಒಂದು ಬಾಟಲಿ ಬೇರೆಯೇ ಇರಲಿ.

ಮೇಲಿನ ಚಪ್ಪಡಿಬಂಡೆ ಗುಡುಗು-ಮಿಂಚಿನ ಹೊತ್ತಿಗೆ ಅಪಾಯದ ಜಾಗ. ಮುಂಗಾರಿಗೆ ಮುಂಚಿನ ಮಳೆ, ಅಕ್ಟೋಬರಿನ ಹಿಂಗಾರು ಎರಡೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕವಿಯುತ್ತವೆ. ಗುಡುಗು ಕೇಳಿದೊಡನೆ ನೆತ್ತಿ ಬಿಟ್ಟು ಇಳಿಯಬೇಕು, ಒಂಟಿ ಮರದಡಿ ನಿಲ್ಲಬಾರದು. ಗವಿಯ ಬಾಯಲ್ಲಿ ನಿಲ್ಲುವುದೂ ತಪ್ಪು, ಬಂಡೆಗೆ ಬಡಿದ ಸಿಡಿಲು ಅಂಚಿನಿಂದ ನೆಲಕ್ಕೆ ಜಿಗಿಯುವಾಗ ನಡುವೆ ಸಿಗುವುದು ಅಲ್ಲಿ ನಿಂತವರೇ. ಮಳೆ ನಿಂತಮೇಲೂ ಅರ್ಧ ತಾಸು ಕಾಯಿರಿ. ಪಾಚಿಯ ಕಪ್ಪು ಪಟ್ಟೆ ಕಂಡಲ್ಲಿ ಎಂಥ ಬೂಟೂ ಜಾರುತ್ತದೆ, ತಿಳಿಬಣ್ಣದ ಒರಟು ಕಲ್ಲಿನ ಮೇಲೇ ಕಾಲಿಡಿ.

ಕುರಿದಾರಿಗಳು ಹತ್ತಾರು ಕಡೆ ಕವಲೊಡೆಯುವುದರಿಂದ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿಕೊಳ್ಳಿ. ಯಾವ ಗುಂಡಿನಡಿ ಈ ವಾರ ಜೇನು ಕಟ್ಟಿದೆ ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ.

ಉಳಿಯಲು ಗಂಗಾವತಿ ಅಥವಾ ಆನೆಗೊಂದಿ ಸೂಕ್ತ. ಆನೆಗೊಂದಿ ಹಿಡಿದರೆ ಹಿಂದಿನ ಸಂಜೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಕಾಲು ಪಳಗಿಸಬಹುದು. ದಾರಿ ಬಂಡೆಗಳ ಅಡಿಯಲ್ಲಿ ನುಸುಳುವ ಕಡೆ ನೆರಳುಂಟು, ಕೋತಿಗಳೂ ಉಂಟು. ಶನಿವಾರ ಬೇಡ, ಜನಜಂಗುಳಿ. ಆನೆಗೊಂದಿಯ ಹಳೆಯ ಕಲ್ಲುಮಂಟಪಗಳು ಬೆಳಿಗ್ಗೆ ಹಾಯಾಗಿರುತ್ತವೆ. ಚಾವಣಿಯ ಮೇಲಿನ ಗಾರೆ ಕಿತ್ತುಹೋಗಿದ್ದರೆ ಮಾತ್ರ ಬೇಗ ಕಾಯುತ್ತವೆ, ಮಳೆಯಲ್ಲಿ ಚಪ್ಪಡಿಗಳ ಸಂದಿನಿಂದ ಸೋರುತ್ತವೆ. ಕೂರುವಾಗ ಸಂದಿನ ನೇರಕ್ಕೆ ಬ್ಯಾಗು ಇಡಬೇಡಿ.