ವೆಲ್ಶ್‌ನಲ್ಲಿ ಸುದ್ದಿ ಬರೆಯೋರಿಗೆ ಸಂಬಳ ಯಾರು ಕೊಡ್ಬೇಕು?

ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದ ಹೊಸದ್ರಲ್ಲಿ ನಂಗೆ ಇಲ್ಲಿನ ಭಾಷೆ ವೆಲ್ಶ್ ಅಂದ್ರೆ ರಸ್ತೆ ಬೋರ್ಡ್ ಮೇಲೆ ಇಂಗ್ಲಿಷ್ ಜೊತೆ ಇರೋ ಇನ್ನೊಂದು ಸಾಲು, ಅಷ್ಟೇ. ಆಮೇಲೆ ಸಂಜೆ ಕ್ಲಾಸಿಗೆ ಸೇರ್ಕೊಂಡೆ, ಒಂದಿನ ಟೀಚರ್ 'ಅ ದಿನೆಸಿದ್' ಅನ್ನೋ ಪತ್ರಿಕೆ ಕೈಗಿಟ್ರು. 1973ರಲ್ಲಿ ಇದೇ ಕಾರ್ಡಿಫಲ್ಲಿ ಶುರುವಾಗಿದ್ದು. ಇಂಥ ಪತ್ರಿಕೆಗೆ 'ಪಾಪಿರ್ ಬ್ರೋ' ಅಂತಾರೆ, ಬ್ರೋ ಅಂದ್ರೆ ನಾವು 'ನಮ್ ಸೀಮೆ' ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಈಗ ವೇಲ್ಸ್ ತುಂಬಾ ಇಂಥವು ಹತ್ತಾರಿವೆ. ಲ್ಯಾಂಪೀಟರ್ ಕಡೇದ್ರ ಹೆಸರು 'ಕ್ಲೋಂಕ್', ಅಂದ್ರೆ ಹರಟೆ! ಬರೆಯೋರು, ಹಾಳೆ ಮಡಚೋರು, ಹಂಚೋರು ಎಲ್ಲಾ ಊರಿನೋರೇ, ಸಂಬಳ ಗಿಂಬಳ ಏನಿಲ್ಲ, ಸರ್ಕಾರದಿಂದ ಒಂದಿಷ್ಟು ಅನುದಾನ ಬರುತ್ತೆ.

ಆದ್ರೆ ಊರ ಮದುವೆ, ಸಾವು, ಹಾಡಿನ ಸ್ಪರ್ಧೆ ಬರೆಯೋದು ಬೇರೆ, ದಿನಾ ಮಂತ್ರಿ ಮುಂದೆ ನಿಂತು ಪ್ರಶ್ನೆ ಕೇಳೋದು ಬೇರೆ. ಅದಕ್ಕೆ ಸಂಬಳದ ವರದಿಗಾರ ಬೇಕೇ ಬೇಕು.

2021ರ ಜನಗಣತಿ ಪ್ರಕಾರ ವೇಲ್ಸಲ್ಲಿ ವೆಲ್ಶ್ ಬರೋರು ಸುಮಾರು 5.38 ಲಕ್ಷ ಜನ, ಅಂದ್ರೆ 2011ರಲ್ಲಿ ನಮ್ ಕೊಡಗು ಜಿಲ್ಲೆಯ ಜನಸಂಖ್ಯೆಗಿಂತ ಸ್ವಲ್ಪ ಕಮ್ಮಿ. ಹೆಚ್ಚುಕಮ್ಮಿ ಅವ್ರೆಲ್ಲರಿಗೂ ಇಂಗ್ಲಿಷ್ ಬೇರೆ ಬರುತ್ತೆ. ಇಷ್ಟು ಓದುಗರನ್ನ ನಂಬ್ಕೊಂಡು, ಬರೀ ಜಾಹೀರಾತಿನ ಮೇಲೆ ದಿನಪತ್ರಿಕೆ ನಡ್ಸೋದು ಆಗದ ಮಾತು.

ಹಾಗಂತ ಕನಸು ಕಾಣದೇ ಇರ್ಲಿಲ್ಲ. 'ಅ ಬೀಡ್' ಅಂತ, ಅಂದ್ರೆ 'ಜಗತ್ತು', ಪೂರ್ತಿ ವೆಲ್ಶ್ ದಿನಪತ್ರಿಕೆ ತರ್ಬೇಕು ಅಂತ ಎಷ್ಟೋ ವರ್ಷ ಓಡಾಡಿದ್ರು, ಜನರೂ ದುಡ್ಡು ಹಾಕೋಕೆ ಮುಂದೆ ಬಂದ್ರು. 2007ರಲ್ಲಿ ಲೇಬರ್ ಮತ್ತು ಪ್ಲೈಡ್ ಕಮ್ರಿ ಪಕ್ಷಗಳು ಸೇರಿ ವೇಲ್ಸಲ್ಲಿ ಸರ್ಕಾರ ಮಾಡ್ದಾಗ ಒಪ್ಪಂದದಲ್ಲೇ ವೆಲ್ಶ್ ದಿನಪತ್ರಿಕೆಗೆ ಬೆಂಬಲ ಅಂತ ಬರ್ಕೊಂಡಿದ್ರು. ವರ್ಷಕ್ಕೆ 6 ಲಕ್ಷ ಪೌಂಡ್ ಬೇಕು ಅಂದ್ರೆ ಸರ್ಕಾರ ವರ್ಷಕ್ಕೆ 2 ಲಕ್ಷ ಅಂತು, 2008ರ ಫೆಬ್ರವರಿಲಿ ಯೋಜನೆನೇ ಕೈಬಿಟ್ರು. ಒಂದು ಸಂಚಿಕೆನೂ ಬರ್ಲಿಲ್ಲ. ಇದನ್ನ ಓದಿದಾಗ ನಂಗೆ ನಿಜವಾಗ್ಲೂ ಸಂಕಟ ಆಯ್ತು.

ಆಮೇಲೆ ಅಂಥ ಸರ್ಕಾರದ ದುಡ್ಡಲ್ಲೇ 2009ರ ಮೇ ತಿಂಗಳಲ್ಲಿ 'ಗೋಲುಗ್ 360' ಅನ್ನೋ ಸುದ್ದಿ ವೆಬ್‌ಸೈಟ್ ಬಂತು, 1988ರಿಂದ ಬರ್ತಿದ್ದ ಗೋಲುಗ್ ವಾರಪತ್ರಿಕೆಯೋರದ್ದೇ. ಇಲ್ಲಿ ನಂಗೆ ಇಷ್ಟ ಆದ ವ್ಯವಸ್ಥೆ ಒಂದಿದೆ. ಸರ್ಕಾರ ದುಡ್ಡನ್ನ ನೇರ ಸಂಪಾದಕರ ಕೈಗೆ ಕೊಡಲ್ಲ, ಪುಸ್ತಕ, ಪತ್ರಿಕೆಗಳಿಗೆ ನೆರವು ಕೊಡೋ ವೇಲ್ಸ್‌ನ ಪುಸ್ತಕ ಮಂಡಳಿ ಮೂಲಕ ಕೊಡುತ್ತೆ, ಅರ್ಜಿ ನೋಡಿ ಹಂಚೋದು ಮಂಡಳಿ, ಹಾಗಾಗಿ ಯಾವ ಸುದ್ದಿ ಬರೀಬೇಕು ಅನ್ನೋದ್ರಲ್ಲಿ ಮಂತ್ರಿ ಕೈ ಹಾಕೋದು ಕಷ್ಟ.

'ಬಿಬಿಸಿ ಇದ್ಯಲ್ಲ, ಸಾಲ್ದಾ' ಅಂತ ಆಫೀಸಲ್ಲಿ ಒಬ್ರು ಕೇಳಿದ್ರು. ಇದೆ, ಒಳ್ಳೇ ಕೆಲ್ಸನೂ ಮಾಡ್ತಾರೆ, 1977ರಿಂದ ರೇಡಿಯೋ ಕಮ್ರಿ ಅನ್ನೋ ವೆಲ್ಶ್ ರೇಡಿಯೋ ಇದೆ, ವೆಲ್ಶ್ ವೆಬ್‌ಸೈಟಿದೆ, ಎಸ್‌ಫೋರ್‌ಸಿ ಅನ್ನೋ ವೆಲ್ಶ್ ಟಿವಿ ಚಾನೆಲ್ಲಿನ ರಾತ್ರಿ ಸುದ್ದಿನೂ ಅವ್ರೇ ಮಾಡ್ಕೊಡೋದು. ನನ್ ಚಿಂತೆ ಅದೇ. ಇಡೀ ಭಾಷೆಯ ಸುದ್ದಿ ಬಹುಪಾಲು ಒಂದೇ ನ್ಯೂಸ್‌ರೂಮಿಂದ ಹೊರಟ್ರೆ, ಆ ನ್ಯೂಸ್‌ರೂಮು ಬಿಟ್ಟಿದ್ದನ್ನ ಹಿಡಿಯೋರು ಯಾರು? ಆ ಬಿಬಿಸಿನೇ ತಪ್ಪು ಮಾಡ್ದಾಗ ವೆಲ್ಶ್‌ನಲ್ಲಿ ಬರೆಯೋರು ಯಾರು?

1932ರಿಂದ ಬರ್ತಿದ್ದ 'ಅ ಕಮ್ರೋ' ವಾರಪತ್ರಿಕೆ 2017ರಲ್ಲಿ ನಿಂತೋಯ್ತು, ಮರುವರ್ಷ ಕೆಲವರು ಎತ್ಕೊಂಡು ಮಾಸಿಕವಾಗಿ ತಂದ್ರು. ಇತ್ತ 2050ಕ್ಕೆ ಹತ್ತು ಲಕ್ಷ ಜನ ವೆಲ್ಶ್ ಮಾತಾಡ್ಬೇಕು ಅಂತ ಸರ್ಕಾರದ ಗುರಿ. ಮಕ್ಕಳಿಗೆ ಸ್ಕೂಲಲ್ಲಿ ಭಾಷೆ ಕಲ್ಸಿ, ದೊಡ್ಡೋರಾದ್ಮೇಲೆ ಆಸ್ಪತ್ರೆ, ತೆರಿಗೆ, ಮನೆ ಬಾಡಿಗೆ ಬಗ್ಗೆ ಆ ಭಾಷೇಲಿ ಓದೋಕೇ ಏನೂ ಇಲ್ದಿದ್ರೆ ಅವ್ರು ಇಂಗ್ಲಿಷ್‌ಗೇ ಹೋಗ್ತಾರೆ, ಅವ್ರ ತಪ್ಪೇನಿದೆ ಅದ್ರಲ್ಲಿ. ಅದಕ್ಕೇ ಆ ಗುರಿಗೆ ಇಡೋ ದುಡ್ಡಲ್ಲೇ ವರದಿಗಾರರ ಸಂಬಳನೂ ಸೇರ್ಬೇಕು, ಅದೂ ವರ್ಷ ವರ್ಷ ಅರ್ಜಿ ಹಾಕಿ ಕಾಯೋ ತರ ಅಲ್ಲ, ಕೊನೇ ಪಕ್ಷ ಐದು ವರ್ಷಕ್ಕೆ ಒಟ್ಟಿಗೆ.