ಬೆಳಗಿನ ಬೆರಳು

ಸಂಧಿವಾತ ಅಂತ ಗೊತ್ತಾಗಿ ಎರಡು ವರ್ಷ. ಬೆಳಗ್ಗೆ ಎದ್ದರೆ ಬೆರಳು ಮಡಚುವುದೇ ಇಲ್ಲ. ಬೋಗುಣಿಯ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತೇನೆ. ಸೂಜಿ ಹಿಡಿಯುವಷ್ಟರಲ್ಲಿ ಹನ್ನೊಂದು ಗಂಟೆ.

ಕಸೂತಿಗೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟೂ ಬೀಳಬಾರದು. ನಿನ್ನೆ ಗೋಪುರದ ಚಿತ್ತಾರದ ಅರ್ಧದಲ್ಲಿ ಒಂದು ಎಳೆ ತಪ್ಪಿ, ಪೂರ್ತಿ ಬಿಚ್ಚಿದೆ. ಅತ್ತೂಬಿಟ್ಟೆ, ಸುಳ್ಳೇಕೆ.

ಈಗ ತಿಂಗಳಿಗೆ ಎರಡೇ ರವಿಕೆ ಒಪ್ಪಿಕೊಳ್ಳುತ್ತೇನೆ. ಮೊದಲು ಐದು. ತಡವಾಗುತ್ತದೆ ಅಂದರೆ ಗಿರಾಕಿಗಳೆಲ್ಲ ಹೋಗಿಬಿಡುತ್ತಾರೆ ಅಂದುಕೊಂಡಿದ್ದೆ. ಒಬ್ಬರು ಮಾತ್ರ ಹೋದರು. ಅವರ ಚೌಕಾಸಿಯೂ ಜಾಸ್ತಿ ಇತ್ತು, ಬಿಡಿ.

ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬುತ್ತೇವೆ, ಅಲ್ವಾ? ಆ ಗೋಪುರದ ವಾಪಸ್ ದಾರಿ ಇನ್ನೂ ಬಾಕಿ. ನೀರು ಕಾಯಲು ಇಟ್ಟಿದ್ದೇನೆ.