ಎರಡು ವಾರದ ಪೋಸ್ಟಿಂಗ್

ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯಕ್ಕೆ ಬೇರೆ ಪರೀಕ್ಷೆ ಇರಲಿಲ್ಲ. ಮೆಡಿಸಿನ್ ಪತ್ರಿಕೆಯಲ್ಲಿ ಒಂದೆರಡು ಪ್ರಶ್ನೆ ಬಂದರೆ ಬಂತು. ಹೀಗಾಗಿ ಆ ವಿಭಾಗದಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕಿದ್ದ ಎರಡು ವಾರದ ಪೋಸ್ಟಿಂಗ್ ಎಂದರೆ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಹಾಜರಿ ಹಾಕಿಸಿ ಕ್ಯಾಂಟೀನಿಗೆ ಹೋಗುವ ಕಾಲ. ಉಳಿದವರು ಅಲ್ಲೇ ಮೂಲೆಯಲ್ಲಿ ಕೂತು ಸರ್ಜರಿ ಓದುತ್ತಿದ್ದೆವು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಆ ಒಪಿಡಿಯ ಫ್ಯಾನೂ ಒಂದು ಆಕರ್ಷಣೆ.

'ಸೈಕಿಯಾಟ್ರಿ ಯಾಕೆ ತಗೊಂಡೆ?' ಎಂದರೆ ಮನಸ್ಸಿನ ನಿಗೂಢತೆ, ಗಿಗೂಢತೆ ಎಂದೆಲ್ಲ ಹೇಳಬಹುದು. ನನ್ನ ಕಾರಣ ಅಷ್ಟು ಘನವಾದದ್ದಲ್ಲ. ಒಂದು ಇಂಜೆಕ್ಷನ್ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡೆ, ಅಷ್ಟೇ.

ಇಪ್ಪತ್ತರ ಆಸುಪಾಸಿನ ಹುಡುಗ. ಊಟವಿಲ್ಲ, ಮಾತಿಲ್ಲ, ಗೋಡೆ ನೋಡುತ್ತ ಕೂತಿದ್ದ. 'ಗಾಳಿ ಸೋಕೇತಿ ಅಂದ್ರು, ತಾಯತ ಕಟ್ಟಿಸೀವ್ರಿ' ಎಂದಳು ತಾಯಿ. ಪಿಜಿ ಡಾಕ್ಟರು ಅವನ ಬಲಗೈ ಮೆಲ್ಲಗೆ ಎತ್ತಿ ಬಿಟ್ಟರು. ಕೈ ಕೆಳಗೆ ಬೀಳಲಿಲ್ಲ, ಬಿಟ್ಟ ಕಡೆಯೇ ನಿಂತಿತು. ಕ್ಯಾಟಟೋನಿಯಾ, ಮಾನಸಿಕ ಕಾಯಿಲೆಯಲ್ಲಿ ಮೈ, ಮಾತು ಹೀಗೆ ಸ್ತಬ್ಧವಾಗುವುದು. 1874ರಲ್ಲೇ ಜರ್ಮನಿಯ ಕಾಲ್‌ಬಾಮ್ ವಿವರಿಸಿದ ಸ್ಥಿತಿ. ನನಗೆ ಅಲ್ಲಿಯವರೆಗೆ ಅದು ಬರೀ ಪರೀಕ್ಷೆಯ ಎಂಸಿಕ್ಯೂ. ಜ್ವರ, ಮಿದುಳಿನ ಸೋಂಕು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಲೊರಾಜಿಪಾಮ್ 2 ಮಿ.ಗ್ರಾಂ. ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಅರ್ಧ ಗಂಟೆಯೂ ಆಗಿರಲಿಲ್ಲ. ಹುಡುಗ ಕತ್ತು ತಿರುಗಿಸಿ, 'ಯವ್ವಾ, ನೀರು' ಎಂದ. ಆಕೆಯ ಕೈ ನಡುಗಿ ಬಾಟಲಿಯ ಮುಚ್ಚಳ ತೆಗೆಯಲಾಗದೆ ನನ್ನ ಕೈಗೆ ಕೊಟ್ಟಳು.

ಒಂದೇ ಡೋಸಿಗೆ ವಾಸಿಯಾಯಿತೆಂದು ಯಾರೂ ತಿಳಿಯಬೇಡಿ. ಸಂಜೆಗೆ ಮತ್ತೆ ಬಿಗಿದುಕೊಂಡ. ಮತ್ತೆ ಡೋಸು, ಆಮೇಲೆ ಮೂಲ ಕಾಯಿಲೆಗೆ ವಾರಗಟ್ಟಲೆ ಚಿಕಿತ್ಸೆ. ಪೋಸ್ಟಿಂಗ್ ಮುಗಿದ ಮೇಲೂ ನಾನು ವಾರ್ಡಿಗೆ ಹೋಗಿಬರುತ್ತಿದ್ದೆ. ಚೇತರಿಸಿಕೊಂಡ ಮೇಲೆ ಒಂದು ದಿನ ಅವನೇ ಹೇಳಿದ: 'ನೀವೆಲ್ಲ ನನ್ ಮುಂದ ಮಾತಾಡಿದ್ದು ಕೇಳ್ತಿತ್ರೀ ಮೇಡಂ. ನೀರು ಬೇಕಂದ್ರೂ ಬಾಯಿ ಏಳ್ತಿದ್ದಿಲ್ಲ.' ಅವನ ಮಂಚದ ಬದಿಯಲ್ಲಿ ನಿಂತು ನಮ್ಮ ಬ್ಯಾಚಿನವರು ಏನೇನು ಜೋಕು ಹೊಡೆದಿದ್ದರು ಎಂಬುದು ನನಗೆ ಗೊತ್ತಿತ್ತು. ಆ ರಾತ್ರಿ ಸರ್ಜರಿ ಪುಸ್ತಕ ತೆರೆಯಲಿಲ್ಲ.

ಪಿಎಸ್‌ಎಂ, ಅಂದರೆ ಸಮುದಾಯ ವೈದ್ಯಶಾಸ್ತ್ರದ ಕ್ಲಾಸಿನಲ್ಲಿ ಉರು ಹೊಡೆದಿದ್ದ ಟಿಪ್ಪಣಿಗೂ ಆಗಲೇ ಜೀವ ಬಂದದ್ದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸಬಹುದೆಂದು ಆ ದಶಕದಲ್ಲಿ ನಿಮ್ಹಾನ್ಸ್‌ನವರು ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆ ಊರ ಹತ್ತಿರವೇ ಸಿಗುವಂತೆ ಮಾಡಿ. 1996ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು. ದೇಶದ ಎಂಬಿಬಿಎಸ್ ಹುಡುಗರೆಲ್ಲ 'ಬಳ್ಳಾರಿ ಮಾಡೆಲ್' ಎಂದು ಬರೆಯುತ್ತಾರೆ. ಬಳ್ಳಾರಿಯಲ್ಲೇ ಓದಿದ ನಾವು ಅದನ್ನು ಐದು ಮಾರ್ಕಿನ ಪ್ರಶ್ನೆ ಎಂದು ಬದಿಗಿಟ್ಟಿದ್ದೆವು. ಆ ಹುಡುಗನಿಗಾದರೋ ಬಸ್ ಚಾರ್ಜಿಲ್ಲದೆ ಮಾತ್ರೆ ತಪ್ಪಿದರೆ ಮತ್ತೆ ಗೋಡೆ ನೋಡುವ ಸರದಿ.

ಪಿಜಿ ಸೀಟು ಆರಿಸುವ ಕೌನ್ಸೆಲಿಂಗ್ ಹೊತ್ತಿಗೆ ಮನೆಯಲ್ಲಿ ರಂಪವಾಯಿತು. 'ಈ ರ‍್ಯಾಂಕಿಗೆ ರೇಡಿಯಾಲಜಿ ಬಿಟ್ಟು ಹುಚ್ಚರ ಡಾಕ್ಟರ್ ಆಗ್ತಾಳಂತೆ' ಎಂದು ಸೋದರಮಾವ ಊರಿಗೆಲ್ಲ ಫೋನು ಮಾಡಿದರು. ಅಪ್ಪ ಬಹಳ ಯೋಚಿಸಿ ಕೇಳಿದ್ದು ಒಂದೇ: 'ಕೊರಳಿಗೆ ಸ್ಟೆತೊಸ್ಕೋಪಾದ್ರೂ ಹಾಕ್ಕೋತಿಯೇನವ್ವ?'

ಹಾಕಿಕೊಳ್ಳುತ್ತೇನೆ. ಮಾವ ಈಚೆಗೆ ರಾತ್ರಿ ಹತ್ತರ ಮೇಲೆ ಫೋನು ಮಾಡುತ್ತಾರೆ, ಯಾರೋ ಸ್ನೇಹಿತರಿಗೆ ನಿದ್ದೆ ಬರುತ್ತಿಲ್ಲವಂತೆ. ಸ್ನೇಹಿತರನ್ನು ಒಪಿಡಿಗೆ ಕರೆದುಕೊಂಡು ಬನ್ನಿ, ಆಗದಿದ್ದರೆ ಅವರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನು ಮಾಡಲಿ ಎಂದಿದ್ದೇನೆ. ಇನ್ನೂ ಬಂದಿಲ್ಲ.